ಕೈಯಲ್ಲಿ ಕಾಸಿಲ್ಲದ ಸರ್ಕಾರದ ಪಾಠ

ಪದವಿ ತರಗತಿಗೆ ಅಮೆರಿಕದ ಇತಿಹಾಸ ಪಾಠ ಮಾಡಲು ಬರುವ ಹೊಸ ಅಧ್ಯಾಪಕರಿಗೆ ನಾನು ಹೇಳುವುದು ಇಷ್ಟೇ: ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆ ಎಸೆದದ್ದನ್ನು ಬೇಗ ಮುಗಿಸಿ, ಉಳಿಸಿದ ಸಮಯವನ್ನು 1781ರಿಂದ 1787ರವರೆಗಿನ ವರ್ಷಗಳಿಗೆ ಕೊಡಿ. ವಿದ್ಯಾರ್ಥಿಗಳ ನೋಟ್ಸ್‌ನಲ್ಲಿ ಆ ಅವಧಿಗೆ ಅರ್ಧ ಪುಟವೂ ಇರುವುದಿಲ್ಲ. 1776ರ ಸ್ವಾತಂತ್ರ್ಯ ಘೋಷಣೆ, ಬ್ರಿಟಿಷರ ಮೇಲೆ ಯಾರ್ಕ್‌ಟೌನ್ ಗೆಲುವು, ಯುದ್ಧ ಮುಗಿಸಿದ 1783ರ ಪ್ಯಾರಿಸ್ ಒಪ್ಪಂದ, ಅಲ್ಲಿಂದ ನೇರವಾಗಿ ಸಂವಿಧಾನ. ವಾಷಿಂಗ್ಟನ್ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದ್ದು 1789ರ ಏಪ್ರಿಲ್ 30ರಂದು ಎಂದಾಗ ಹಲವರು ತಲೆಯೆತ್ತಿ ನೋಡುತ್ತಾರೆ. ಹದಿಮೂರು ವರ್ಷ ಏನು ಮಾಡುತ್ತಿದ್ದರು?

ಹಣವಿಲ್ಲದೆ ಪರದಾಡುತ್ತಿದ್ದರು. ತಮ್ಮ ಪ್ರತಿನಿಧಿಗಳಿಲ್ಲದ ಬ್ರಿಟಿಷ್ ಸಂಸತ್ತು ತೆರಿಗೆ ಹಾಕಿತೆಂದು ಬಂಡೆದ್ದವರು ತಮ್ಮದೇ ಕೇಂದ್ರಕ್ಕೂ ತೆರಿಗೆಯ ಅಧಿಕಾರ ಕೊಡಲಿಲ್ಲ. 1781ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿನ (ದೇಶದ ಮೊದಲ ಸಂವಿಧಾನ) ಪ್ರಕಾರ ಕಾಂಗ್ರೆಸ್, ಅಂದರೆ ರಾಜ್ಯಗಳ ಪ್ರತಿನಿಧಿಗಳು ಸೇರುವ ಕೇಂದ್ರ ಸಭೆ, ರಾಜ್ಯಗಳಿಂದ ಹಣ ಕೇಳಬಹುದಿತ್ತು, ವಸೂಲಿ ಮಾಡುವಂತಿರಲಿಲ್ಲ. ಊರಹಬ್ಬದ ವಂತಿಗೆಯಂತೆ ಕೊಟ್ಟವರು ಕೊಟ್ಟರು, ಬಿಟ್ಟವರು ಬಿಟ್ಟರು. ಕಾಂಗ್ರೆಸ್ ಅಚ್ಚು ಹಾಕಿಸಿದ ಕಾಗದದ ಡಾಲರ್ ಅಷ್ಟರಲ್ಲಾಗಲೇ ಬೆಲೆ ಕಳೆದುಕೊಂಡಿತ್ತು.

ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ. ಹಾಗಾಗಿ ತರಗತಿಯನ್ನು ಹದಿಮೂರು ಗುಂಪು ಮಾಡುತ್ತೇನೆ. ಪ್ರತಿ ಗುಂಪೂ ಒಂದು ರಾಜ್ಯ. ದೊಡ್ಡದಿರಲಿ ಸಣ್ಣದಿರಲಿ, ಒಂದೇ ಮತ. 1781ರಲ್ಲಿ ಕಾಂಗ್ರೆಸ್ ನಿಜವಾಗಿ ಮುಂದಿಟ್ಟ ಪ್ರಸ್ತಾವವನ್ನೇ ಮತಕ್ಕೆ ಹಾಕುತ್ತೇನೆ: ಆಮದು ಸರಕಿನ ಮೇಲೆ ಶೇಕಡಾ 5 ಸುಂಕ, ಎಲ್ಲ ರಾಜ್ಯಗಳೂ ಒಪ್ಪಬೇಕು. ಯಾವುದಾದರೂ ಒಂದು ಗುಂಪು ಕೈಯೆತ್ತದೆ ಕೂರುತ್ತದೆ, ಕೆಲವೊಮ್ಮೆ ಬರೀ ಚೇಷ್ಟೆಗೆ. ಅಂದು ಹಾಗೆ ಕೂತದ್ದು ಪುಟ್ಟ ರೋಡ್ ಐಲೆಂಡ್, ಪ್ರಸ್ತಾವ ಬಿದ್ದುಹೋಯಿತು. ವಾಣಿಜ್ಯ ವಿಭಾಗದಿಂದ ಐಚ್ಛಿಕವಾಗಿ ಬರುವ ಮಕ್ಕಳಿಗೆ ಇದು ನಮ್ಮ ಇತಿಹಾಸದ ಮಕ್ಕಳಿಗಿಂತ ಬೇಗ ಹೊಳೆಯುತ್ತದೆ ಎಂಬುದನ್ನು ಒಪ್ಪಲೇಬೇಕು.

ಹಡಗಿನ ಕಥೆಯನ್ನೂ ಇಲ್ಲೇ ಹೇಳುತ್ತೇನೆ. 1782ರ ಏಪ್ರಿಲ್‌ನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿದ ಅಮೆರಿಕನ್ ಹಡಗಿನ ಹೆಸರು ‘ಹೈದರ್ ಅಲಿ’! ನಮ್ಮ ಮೈಸೂರಿನ ಹೈದರನೇ. ಬ್ರಿಟಿಷರ ವೈರಿ ಎಂಬ ಅಭಿಮಾನದಿಂದ ಇಟ್ಟ ಹೆಸರು. ತರಗತಿಯಲ್ಲಿ ಗದ್ದಲವೇಳುತ್ತದೆ. ಗದ್ದಲ ಇಳಿದ ಮೇಲೆ ಕೇಳಬೇಕಾದ ಪ್ರಶ್ನೆ, ಆ ಹಡಗನ್ನು ಸಜ್ಜುಗೊಳಿಸಿದವರು ಯಾರು ಎಂಬುದು. ಕಾಂಗ್ರೆಸ್ ಅಲ್ಲ, ಪೆನ್ಸಿಲ್ವೇನಿಯಾ.

ಮರುವರ್ಷ ಜೂನ್‌ನಲ್ಲಿ ಸಂಬಳ ಬಾಕಿಯಿದ್ದ ಸೈನಿಕರು ಫಿಲಡೆಲ್ಫಿಯಾದಲ್ಲಿ ಕಾಂಗ್ರೆಸ್ ಸೇರಿದ್ದ ಕಟ್ಟಡವನ್ನೇ ಸುತ್ತುವರಿದರು. ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ಸಿಕ್ಕಿದ್ದ ಅದೇ ಕಟ್ಟಡ. ರಾಜ್ಯ ಸರ್ಕಾರ ತನ್ನ ಪಡೆಯನ್ನು ಕಳುಹಿಸಲಿಲ್ಲ. ಕಾಂಗ್ರೆಸ್ ಊರು ಬಿಟ್ಟು ಪ್ರಿನ್ಸ್‌ಟನ್‌ಗೆ ಹೋಯಿತು.

ಆದರೆ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಶೇಸ್ ದಂಗೆಯಲ್ಲಿ. ಪಶ್ಚಿಮ ಮ್ಯಾಸಚೂಸೆಟ್ಸ್‌ನ ರೈತರು ಸಾಲ ಮತ್ತು ತೆರಿಗೆಗೆ ಸಿಕ್ಕಿ ಜಮೀನು ಕಳೆದುಕೊಳ್ಳುತ್ತಿದ್ದರು. 1786ರಲ್ಲಿ ನ್ಯಾಯಾಲಯಗಳು ಕಲಾಪ ನಡೆಸದಂತೆ ತಡೆದರು. 1787ರ ಜನವರಿಯಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಶಸ್ತ್ರಾಗಾರದತ್ತ ನಡೆದರು. ಮುಂದಾಳುಗಳಲ್ಲೊಬ್ಬನಾದ ಡೇನಿಯಲ್ ಶೇಸ್ ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ಅವರನ್ನು ಅಡಗಿಸಲು ಹೊರಟ ಪಡೆಗೆ ಬಾಸ್ಟನ್ನಿನ ಸಿರಿವಂತ ವ್ಯಾಪಾರಿಗಳು ಹಣ ಕೊಟ್ಟರು. ದೂರದ ಲಂಡನ್ ಹಾಕಿದ ತೆರಿಗೆ ಅನ್ಯಾಯವಾದರೆ ರಾಜ್ಯದ ರಾಜಧಾನಿಯಾದ ದೂರದ ಬಾಸ್ಟನ್ ಹಾಕಿದ್ದು ಏನು? ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಬಾಸ್ಟನ್ನಿನಲ್ಲಿ ಅವರ ಪ್ರತಿನಿಧಿಗಳಿದ್ದರಲ್ಲ ಎಂದು ಯಾರಾದರೂ ಎದ್ದು ಹೇಳುವವರೆಗೆ ಕಾಯುತ್ತೇನೆ. ಹೇಳಿದ ಮೇಲೆ ಇನ್ನೊಬ್ಬರು ಅವರ ಮೇಲೆ ಬೀಳುತ್ತಾರೆ.

ಹೊಸ ಸಂವಿಧಾನ ಬರೆದ 1787ರ ಫಿಲಡೆಲ್ಫಿಯಾ ಸಭೆಗೆ ಪಾಠ ಬರುವ ಹೊತ್ತಿಗೆ ಕೇಂದ್ರಕ್ಕೆ ತೆರಿಗೆಯ ಅಧಿಕಾರ ಏಕೆ ಬೇಕಿತ್ತೆಂದು ಬಿಡಿಸಿ ಹೇಳುವ ಕೆಲಸ ಇರುವುದಿಲ್ಲ. ಬಂದ 55 ಜನರಲ್ಲಿ 39 ಮಂದಿ ಸಹಿ ಹಾಕಿದರು. ಪ್ರತಿನಿಧಿಗಳ ಲೆಕ್ಕಕ್ಕೆ ಗುಲಾಮರನ್ನು ಐದನೇ ಮೂರರಷ್ಟು ಎಣಿಸಿದ್ದನ್ನು ಸಹಿ ಬಿದ್ದ ಸೆಪ್ಟೆಂಬರ್ 17ರ ಸಂಭ್ರಮದ ಜೊತೆಗೆ ಸೇರಿಸಬೇಡಿ. ಅದಕ್ಕೆ ಬೇರೆಯೇ ತರಗತಿ ಇಡಿ. ಹಳೆಯ ಕರಾರಿನ ತಿದ್ದುಪಡಿಗೆ ಹದಿಮೂರೂ ರಾಜ್ಯಗಳ ಒಪ್ಪಿಗೆ ಬೇಕಿತ್ತು. ಹೊಸ ಸಂವಿಧಾನ ಒಂಬತ್ತು ಸಾಕೆಂದು ತಾನೇ ಬರೆದುಕೊಂಡಿತು. ಸಭೆಗೇ ಬಾರದಿದ್ದ ರೋಡ್ ಐಲೆಂಡ್ ಕೊನೆಗೆ ಒಪ್ಪಿದ್ದು 1790ರ ಮೇ 29ರಂದು, 34ಕ್ಕೆ 32 ಮತಗಳಿಂದ. ಅದೂ ಅದರೊಂದಿಗಿನ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆಗೆ ಹೊಸ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ ಒಪ್ಪಿಗೆ ಕೊಟ್ಟ ಮೇಲೆ.