ವರದೆಯ ದಂಡೆಗುಂಟ ಸೈಕಲ್: ಎರಡನೇ ಕಂತು, ದೇವಗಿರಿಯಿಂದ ಕರ್ಜಗಿಗೆ

ಹೋಳಿ ಮುಗಿದು ಬಂದ ಮೊದಲ ಭಾನುವಾರ. ಹಿಂದಿನ ಮಡ್‌ಗಾರ್ಡ್ ಮೇಲೆ ಇನ್ನೂ ಗುಲಾಬಿ ಬಣ್ಣ ಇದೆ, ಓಣಿ ಹುಡುಗರ ಕೆಲಸ. ಎರಡು ಸಲ ತೊಳೆದರೂ ಹೋಗಲಿಲ್ಲ. ಇರಲಿ ಬಿಡು ಅಂತ ಹಾಗೇ ಹೊರಟೆ.

ಹೊಸಬರಿಗೆ ಎರಡು ಮಾತು. ಅಪ್ಪನ ಹಳೆ ಹರ್ಕ್ಯುಲಸ್ ಸೈಕಲ್ಲನ್ನು ಅಟ್ಟದಿಂದ ಇಳಿಸಿ ರಿಪೇರಿ ಮಾಡಿಸಿಕೊಂಡಿದ್ದೇನೆ. 22 ಇಂಚಿನ ಫ್ರೇಮು, ಗೇರ್ ಇಲ್ಲ, ತೂಕ ಮಾತ್ರ ಎಮ್ಮೆಯಷ್ಟು. ಇದರ ಮೇಲೆ ಕೂಡಲದಿಂದ ಗಳಗನಾಥದವರೆಗೆ ವರದಾ ಹೊಳೆಯ ದಂಡೆ ಹಿಡಿದು ಹೋಗಬೇಕು, ಆದಷ್ಟು ಡಾಂಬರು ಮುಟ್ಟಬಾರದು. ಇಷ್ಟೇ ನನ್ನ ಹುಚ್ಚು. ಕೂಡಲದಲ್ಲಿ ಧರ್ಮಾ ನದಿ ಬಂದು ವರದೆಗೆ ಸೇರುತ್ತದೆ. ಗಳಗನಾಥದಲ್ಲಿ ವರದೆ ತಾನೇ ಹೋಗಿ ತುಂಗಭದ್ರೆಗೆ ಸೇರುತ್ತದೆ. ಒಂದೇ ಸಲಕ್ಕೆ ಅಲ್ಲ, ರಜೆ ಸಿಕ್ಕಾಗ ಒಂದೊಂದು ತುಂಡು. ಫೆಬ್ರುವರಿಯಲ್ಲಿ ದೇವಗಿರಿವರೆಗೆ ಮುಗಿಸಿದ್ದೆ.

ದೊಡ್ಡ ಊರುಗಳಲ್ಲಿ ನದಿ ಪಕ್ಕ ಸೈಕಲ್‌ಗೆಂದೇ ದಾರಿ ಕಟ್ಟುತ್ತಾರೆ. ಇಲ್ಲಿ ಅಂಥದ್ದಿಲ್ಲ. ಹಾಗಂತ ದಾರಿಯೇ ಇಲ್ಲ ಅಂತಲ್ಲ. ಪಂಪ್‌ಸೆಟ್ ಚಾಲೂ ಮಾಡಲು ಓಡಾಡುವವರ ದಾರಿ ಇದೆ. ಕುರಿ ಕಾಯುವವರದ್ದಿದೆ. ಬಟ್ಟೆ ಒಗೆಯಲು ಹೋಗುವವರದ್ದಿದೆ. ಹೊಲಕ್ಕೆ ಹೋಗುವ ಚಕ್ಕಡಿಯ ಎರಡು ಗೆರೆಗಳಿವೆ. ಇವನ್ನೆಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡು ಹೋಗುವುದೇ ನನ್ನ ಕೆಲಸ. ನೋಟ್‌ಬುಕ್ಕಿನಲ್ಲಿ ಕಿಲೋಮೀಟರ್ ಪಕ್ಕ ಇನ್ನೊಂದು ಕಾಲಂ ಹಾಕಿದ್ದೇನೆ: ‘ದಾರಿ ಯಾರದು’.

ಬೆಳಿಗ್ಗೆ 6 ಗಂಟೆಗೆ ಹಾವೇರಿ ಸ್ಟೇಷನ್ ಮುಂದೆ ಚಹಾ ಕುಡಿದು ಹೊರಟೆ. ದೇವಗಿರಿವರೆಗೆ ಹೇಳುವಂಥದ್ದೇನಿಲ್ಲ. ರಸ್ತೆ, ಲಾರಿ, ಭಾನುವಾರದ ಖಾಲಿ ಸರ್ಕಾರಿ ಕಚೇರಿಗಳು. ಊರು ದಾಟಿ ಹೊಳೆ ಕಡೆ ಇಳಿದ ಮೇಲೆ ಎದೆ ಹಗುರಾಯಿತು.

ಹೊಳೆಗೆ ಅಡ್ಡ ಕಟ್ಟಿದ ಒಡ್ಡು, ಅಂದರೆ ಬಾಂದಾರದ ಮೇಲ್ಗಡೆ ನೀರು ನಿಂತಿದೆ, ಹಸಿರು ಬಣ್ಣ, ಅಲೆ ಇಲ್ಲ. ಕೆಳಗಡೆ ಬರೀ ಬಂಡೆ, ಉಸುಕು, ನಡುನಡುವೆ ಮಂಡಿಯುದ್ದದ ಗುಂಡಿಗಳು. ಆ ಗುಂಡಿಗಳ ಸುತ್ತ ಬೆಳ್ಳಕ್ಕಿ ಸಭೆ ಸೇರಿದ್ದವು. ಕರೆಂಟ್ ತಂತಿ ಮೇಲೆ ಒಂದು ಮಿಂಚುಳ್ಳಿ. ಫೋಟೋ ತೆಗೆಯೋಣ ಅಂತ ಬ್ರೇಕ್ ಹಿಡಿದೆ. ಸವೆದ ಬ್ರೇಕ್ ರಬ್ಬರ್ ಕೀರಲು ದನಿ ತೆಗೆಯಿತು, ಹಕ್ಕಿ ಹಾರಿಹೋಯಿತು. ಬ್ರೇಕ್ ರಬ್ಬರ್ ಹಾಕಿಸಬೇಕು ಅಂತ ಮೊದಲ ಕಂತಿನಲ್ಲೂ ಬರೆದುಕೊಂಡಿದ್ದೆ.

ದಂಡೆಯ ಹೊಂಗೆ ಮರಗಳ ಬಗ್ಗೆ ಬರೆಯಲೇಬೇಕು. ನಮ್ಮ ಕಡೆ ಹುಲಗಲ ಅಂತೀವಿ. ಫೆಬ್ರುವರಿಯಲ್ಲಿ ಬೋಳಾಗಿದ್ದ ಮರಗಳು ಈಗ ಹೊಸ ಎಲೆ ಬಿಟ್ಟು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿವೆ. ಕೆಲವು ಆಗಲೇ ಹೂ ಉದುರಿಸಲು ಶುರು ಮಾಡಿವೆ. ಕೆಳಗೆ ದಾರಿ ತುಂಬ ಜೋಳದ ಅಳ್ಳು ಚೆಲ್ಲಿದಂತೆ. ಟಯರ್ ಅದರ ಮೇಲೆ ಹಾಯುವಾಗ ಸದ್ದೇ ಬರುವುದಿಲ್ಲ. ಸುಮಾರು 200 ಮೀಟರ್ ಅಂಥ ನೆರಳು. ಹೋದೆ, ಮತ್ತೆ ತಿರುಗಿ ಬಂದೆ, ಮತ್ತೆ ಹೋದೆ. ಲೆಕ್ಕದಲ್ಲಿ ಇದನ್ನು ಒಂದೇ ಸಲ ಹಿಡಿದಿದ್ದೇನೆ.

ಅದಾಗಿ ಸ್ವಲ್ಪ ದೂರಕ್ಕೆ ಹಿಂದಿನ ಗಾಲಿ ತೂಗಾಡಲು ಶುರುವಾಯಿತು. ಪಂಕ್ಚರ್.

ಕಾರಣ ಹುಡುಕಬೇಕಾದ್ದೇನಿರಲಿಲ್ಲ. ಕಬ್ಬಿನ ಹೊಲಕ್ಕೆ ದನ ನುಗ್ಗದಂತೆ ಜಾಲಿ ಕಡಿದು ಬೇಲಿ ಹಾಕಿದ್ದರು. ಆ ಟೊಂಗೆಗಳನ್ನು ಎಳೆದುಕೊಂಡು ಹೋದ ದಾರಿಯಲ್ಲೇ ನಾನು ಬಂದಿದ್ದೆ. ಸೈಕಲ್ ತಲೆಕೆಳಗು ಮಾಡಿ ನಿಲ್ಲಿಸಿದೆ. ಟಯರ್ ಎಬ್ಬಿಸಲು ಮನೆಯ ಎರಡು ಹಳೆ ಸ್ಟೀಲ್ ಚಮಚ ತಂದಿದ್ದೆ, ಅವೇ ಸಾಕಾದವು. ಗಾಲಿ ಬಿಚ್ಚದೆ ಟ್ಯೂಬ್ ಅಷ್ಟೇ ಹೊರಗೆಳೆದು ಗಾಳಿ ಹೊಡೆದೆ. ಅಂಗಡಿಯಲ್ಲಾದರೆ ಬುಟ್ಟಿಯಲ್ಲಿ ನೀರಿರುತ್ತದೆ. ನನ್ನ ಹತ್ತಿರ ಇಡೀ ಹೊಳೆ ಇತ್ತು, ಆದರೆ ಅದು ಹತ್ತು ಹೆಜ್ಜೆ ಕೆಳಗೆ. ಟ್ಯೂಬು ಗಾಲಿಗೆ ಸಿಕ್ಕಿಕೊಂಡೇ ಇದೆಯಲ್ಲ, ಸೈಕಲ್ ಸಮೇತ ನೀರಿಗೆ ಇಳಿಸುವುದಾ? ಊಟದ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಟವೆಲ್ಲಿಗೆ ಕಟ್ಟಿದೆ. ಡಬ್ಬಿ ತುಂಬ ನೀರು ತಂದು ಟ್ಯೂಬನ್ನು ಒಂದೊಂದು ಗೇಣು ಮುಳುಗಿಸುತ್ತ ಹೋದೆ. ಆರನೇ ಗೇಣಿಗೆ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು.

ಒರೆಸಿ, ಪಾಲಿಷ್ ಪೇಪರ್ ತಿಕ್ಕಿ, ಸಲ್ಯೂಷನ್ ಹಚ್ಚಿ ಒಣಗಲು ಕಾಯುತ್ತಿದ್ದೆ. ಪಂಪ್‌ಸೆಟ್ ಕಡೆಯಿಂದ ಒಬ್ಬ ಅಜ್ಜ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

“ಎತ್ತಾಗ ಹೊಂಟೀರಿ ಸರ?”

“ಕರ್ಜಗಿಗ್ರಿ ಅಜ್ಜಾರ.”

“ಕರ್ಜಗಿಗೆ ಚಲೋ ರೋಡ್ ಐತೆಲ್ಲ. ಇತ್ತಾಗ ಯಾಕ ಬಂದ್ರಿ?”

“ಸುಮ್ನ, ಹೊಳಿ ನೋಡಾಕ.”

ಅವರು ಒಣಗಿದ ಉಸುಕಿನ ಕಡೆ ಒಮ್ಮೆ ನೋಡಿದರು. “ಈಗೇನ್ ನೋಡ್ತೀರಿ. ಮಳಿಗಾಲದಾಗ ಊರಾಗ ಇರ್ರಿ, ಹೊಳಿನ ನಿಮ್ಮನ್ನ ನೋಡಾಕ ಬರ್ತೈತಿ.”

ಇಷ್ಟು ಹೇಳಿ ನಗಲೂ ಇಲ್ಲ. ತಾವು ನಿಂತಿದ್ದ ಕಡೆ ಒಂದು ವರ್ಷ ನೀರು ಎಲ್ಲಿವರೆಗೆ ಬಂದಿತ್ತು ಅಂತ ಮತ್ತಿ ಮರದ ಮೇಲೆ ಕೈ ಎತ್ತಿ ತೋರಿಸಿದರು. ಅವರ ತಲೆಗಿಂತ ಮೇಲೆ, ಟೊಂಗೆಯ ಸಂದಿಯಲ್ಲಿ, ಕಸ ಮತ್ತು ಹರಿದ ಗೊಬ್ಬರದ ಚೀಲ ಈಗಲೂ ಸಿಕ್ಕಿಕೊಂಡಿವೆ. ನಾನು ಪ್ಯಾಚ್ ಒತ್ತಿ ಟ್ಯೂಬ್ ಒಳಗೆ ಹಾಕಲು ಹೋದೆ. ಅವರು ಕೈ ಹಿಡಿದರು. “ಒಂದ ಮುಳ್ಳು ಸಿಕ್ಕಿತಂತ ಬಿಡಬ್ಯಾಡ್ರಿ. ಟಾಯರ್ ಒಳಗ ಬಟ್ಟ ಆಡಸ್ರಿ.” ಆಡಿಸಿದೆ. ಇನ್ನೊಂದು ಇತ್ತು, ಮುರಿದು ಒಳಗೇ ಉಳಿದ ತುದಿ. ಬೆರಳಿಗೆ ಚುಚ್ಚಿದ ಮೇಲೆಯೇ ಗೊತ್ತಾದದ್ದು. ಅದನ್ನು ಬಿಟ್ಟಿದ್ದರೆ ಅರ್ಧ ಕಿಲೋಮೀಟರ್‌ಗೆ ಮತ್ತೆ ಇದೇ ಕಥೆ. ಈ ತುಂಡಿನ ಮುಂದೆ ‘ದಾರಿ ಯಾರದು’ ಕಾಲಂನಲ್ಲಿ ‘ಪಂಪ್‌ಸೆಟ್ ಅಜ್ಜ’ ಅಂತ ಬರೆದೆ. ರೊಟ್ಟಿ ಇಬ್ಬರೂ ತಿಂದೆವು. ಅವರು ಸೊಂಟದ ಚೀಲದಿಂದ ಒಂದು ಉಳ್ಳಾಗಡ್ಡಿ ತೆಗೆದು ಮುಷ್ಟಿಯಿಂದ ಗುದ್ದಿ ಕೊಟ್ಟರು.

ಅಲ್ಲಿಂದ ಮುಂದೆ ಒಂದು ಹಳ್ಳ ಅಡ್ಡ ಬಂತು. ನೀರಿಲ್ಲ, ಆದರೆ ದಡ ಎತ್ತರ, ಎರೆ ಮಣ್ಣು ಒಣಗಿ ಕೈ ತೂರುವಷ್ಟು ಬಿರುಕು ಬಿಟ್ಟಿದೆ. ಸೈಕಲ್ ಹೆಗಲ ಮೇಲೆ ಹೊತ್ತು ದಾಟಿದೆ. ಅಪ್ಪ ಇದ್ದಿದ್ದರೆ, ‘ಸೈಕಲ್ ನಿನ್ನನ್ನ ಹೊರಬೇಕೋ, ನೀನು ಸೈಕಲ್ ಹೊರಬೇಕೋ’ ಅಂತಿದ್ದ. ಆಚೆ ದಾರಿ ತಪ್ಪಿ ಒಣಮೆಣಸಿನಕಾಯಿ ಹರವಿದ ಕಣಕ್ಕೆ ಹೋಗಿ ನಿಂತೆ. ಬ್ಯಾಡಗಿ ತಳಿ, ಸುಕ್ಕುಸುಕ್ಕು, ಕಡುಗೆಂಪು. ಬ್ಯಾಡಗಿ ಖಾರಕ್ಕಿಂತ ಬಣ್ಣಕ್ಕೆ ಹೆಸರುವಾಸಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತಿದ್ದೆ. ಅಷ್ಟು ರಾಶಿಯ ಮಧ್ಯೆ ನಿಂತು ಏಳು ಸಲ ಸೀನಿದ ಮೇಲೆ ಸ್ವಲ್ಪ ಯೋಚಿಸಿ ಹೇಳಬೇಕು ಅನಿಸುತ್ತಿದೆ.

11 ಗಂಟೆಗೆ ಕರ್ಜಗಿ. ಶ್ರೀದವಿಠ್ಠಲ ಅಂಕಿತದಲ್ಲಿ ಹಾಡು ಕಟ್ಟಿದ ದಾಸಪ್ಪನವರ ಊರು. ನನಗೆ ಆ ಹೊತ್ತಿಗೆ ಬೇಕಿದ್ದದ್ದು ಮಾತ್ರ ಮಿರ್ಚಿ, ಒಂದು ಪ್ಲೇಟ್ ಗಿರ್ಮಿಟ್. ಬಿಸಿಲು ಏರಿತ್ತು. ವಾಪಸ್ ರಸ್ತೆ ಮೇಲೆಯೇ ಬಂದೆ, ನಾಚಿಕೆ ಏನಿಲ್ಲ.

ಲೆಕ್ಕ: ಒಟ್ಟು 32 ಕಿ.ಮೀ. ಅದರಲ್ಲಿ ದಂಡೆ ಮೇಲೆ 13. ತುಳಿದದ್ದು 9, ತಳ್ಳಿದ್ದು, ಹೊತ್ತದ್ದು ಸೇರಿ 4. ಪಂಕ್ಚರ್ 1, ಮುಳ್ಳು 2. ಡಬ್ಬಿಗೆ ಇನ್ನೂ ಸಲ್ಯೂಷನ್ ವಾಸನೆ ಇದೆ, ಮನೆಯಲ್ಲಿ ಇದರ ಬಗ್ಗೆ ಮಾತು ನಡೆಯುತ್ತಿದೆ.

ಮುಂದಿನ ಕಂತು ಕರ್ಜಗಿಯಿಂದ ಹೊಸರಿತ್ತಿ. ಇದನ್ನು ಏಪ್ರಿಲ್ 1ಕ್ಕೆ ಇಟ್ಟುಕೊಂಡಿದ್ದೇನೆ, ರಜೆ ಹಾಕಿಯಾದರೂ. ನಾನು ಚಹಾ ಕುಡಿದು ಹೊರಡುವ ಹಾವೇರಿ ಸ್ಟೇಷನ್ನಿಗೆ ಮೈಲಾರ ಮಹದೇವಪ್ಪನವರ ಹೆಸರಿದೆಯಲ್ಲ. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ ತಂಡದಲ್ಲಿ ಕರ್ನಾಟಕದಿಂದ ಇದ್ದವರು ಅವರೊಬ್ಬರೇ. 1943ರ ಏಪ್ರಿಲ್ 1ರಂದು ಇದೇ ವರದೆಯ ದಂಡೆಯ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು, ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಸ್ಟೇಷನ್ ಬೋರ್ಡಿನಲ್ಲಿ ದಿನಾ ನೋಡುವ ಹೆಸರು, ಆ ಊರಿಗೆ ನಾನು ಇನ್ನೂ ಒಮ್ಮೆಯೂ ಹೋಗಿಲ್ಲ.

ಅಷ್ಟರೊಳಗೆ ಆಗಬೇಕಾದದ್ದು: ಬ್ರೇಕ್ ರಬ್ಬರ್, ಒಂದು ಹೆಚ್ಚುವರಿ ಟ್ಯೂಬ್, ಮತ್ತೆ ನೀರಿಗೆಂದೇ ಬೇರೆ ಡಬ್ಬಿ.