ಮಾತಾಡಿಸದ ಬ್ಯಾಚ್‌ಮೇಟ್

ನಮ್ಮ ಕಾಲೇಜು ಪತ್ರಿಕೆಯ ಸಂಪಾದಕರು ಫೋನ್ ಮಾಡಿದ್ದರು. "ಸರ್, ನಿಮ್ಮ ಜೊತೆ ಓದಿ ದೊಡ್ಡ ಹೆಸರು ಮಾಡಿದವರ ಬಗ್ಗೆ ಬರೆದುಕೊಡಿ" ಅಂದರು. ನಾನು ತಕ್ಷಣ ಒಂದು ಹೆಸರು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಅವರು ನಮ್ಮ ಕಾಲೇಜಾ ಸರ್?"

ಅಲ್ಲ. ಇಲ್ಲಿ ಬಿ.ಇ. ಮುಗಿಸಿ ನಾನು ಎಂ.ಎಸ್. ಮಾಡಲು ಅಟ್ಲಾಂಟಾದ ಜಾರ್ಜಿಯಾ ಟೆಕ್‌ಗೆ ಹೋದೆನಲ್ಲ, ಅಲ್ಲಿಯವನು. ಹೆಸರು ಕ್ಯಾಲ್ವಿನ್ ಜಾನ್ಸನ್, ಅಮೆರಿಕನ್ ಫುಟ್‌ಬಾಲ್ ಆಟಗಾರ. 2004ರಲ್ಲಿ ನಾನು ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದೆ, ಅದೇ ವರ್ಷ ಅವನು ಡಿಗ್ರಿಗೆ ಸೇರಿದ. ಅಷ್ಟಕ್ಕೇ ಬ್ಯಾಚ್‌ಮೇಟ್ ಅಂತ ನಾನೇ ಅಂದುಕೊಂಡಿದ್ದೇನೆ. ಒಮ್ಮೆಯೂ ಮಾತಾಡಿಸಿಲ್ಲ. ನಾನೊಬ್ಬ ಇದ್ದೇನೆ ಅನ್ನುವುದೇ ಅವನಿಗೆ ಗೊತ್ತಿಲ್ಲ. ಸಂಪಾದಕರು ಪಾಪ, ಒಪ್ಪಿಕೊಂಡರು.

ಕ್ಯಾಂಪಸ್ಸಿನ ಉತ್ತರಕ್ಕೆ ಹೋಮ್ ಪಾರ್ಕ್ ಅಂತ ಒಂದು ಬಡಾವಣೆ. ಹಳೆಯ ಮರದ ಮನೆಗಳು. ನಮ್ಮ ದೇಶದ ವಿದ್ಯಾರ್ಥಿಗಳು ಜಾಸ್ತಿ. ನಾವು ನಾಲ್ವರು, ಒಂದು ಕುಕ್ಕರ್, ಹಿಂದಿನವರು ಬಿಟ್ಟುಹೋದ ಒಂದು ಟಿವಿ. ಹೋದ ಹೊಸತರಲ್ಲಿ, ಸೆಪ್ಟೆಂಬರ್ 11ರ ಶನಿವಾರ, ಟೆಕ್ ತಂಡ ಪಕ್ಕದ ಸೌತ್ ಕೆರೊಲಿನಾಕ್ಕೆ ಹೋಗಿ ಕ್ಲೆಮ್ಸನ್ ವಿರುದ್ಧ ಆಡುತ್ತಿತ್ತು. ಚಿತ್ರಾನ್ನದ ತಟ್ಟೆ ಹಿಡಿದು ನೋಡುತ್ತಾ ಕೂತಿದ್ದೆ. ಒಂದಕ್ಷರ ಅರ್ಥವಾಗುತ್ತಿರಲಿಲ್ಲ.

ಓದುವವರಿಗೂ ಅದೇ ಪಾಡು ಆಗಬಾರದು, ಆದ್ದರಿಂದ ಎರಡು ಮಾತು. ಒಬ್ಬ ಚೆಂಡು ಎಸೆಯುತ್ತಾನೆ, ಅವನು ಕ್ವಾರ್ಟರ್‌ಬ್ಯಾಕ್. ಪಕ್ಕದ ಗೆರೆಯ ಹತ್ತಿರ ಒಂಟಿಯಾಗಿ ನಿಂತಿದ್ದು, ಓಡಿಹೋಗಿ ಹಿಡಿಯುವವನು ವೈಡ್ ರಿಸೀವರ್. ಲಾಂಗ್ ಆನ್‌ನಲ್ಲಿ ಹಿಂದಕ್ಕೆ ಓಡುತ್ತಾ ಕ್ಯಾಚ್ ಹಿಡಿಯುವುದನ್ನು ನೆನೆಸಿಕೊಳ್ಳಿ. ಜೊತೆಗೆ ಒಬ್ಬ ಮೈಗೆ ಅಂಟಿಕೊಂಡು ಓಡುತ್ತಿರುತ್ತಾನೆ, ಹಿಡಿದ ಕ್ಷಣ ಇನ್ನಿಬ್ಬರು ಬಂದು ಗುದ್ದಿ ಕೆಡವುತ್ತಾರೆ. ಅದನ್ನೆಲ್ಲ ದಾಟಿ ಕೊನೆಯ ಗೆರೆ ಮುಟ್ಟಿದರೆ ಟಚ್‌ಡೌನ್.

ಅವತ್ತು ಟೆಕ್ ಸೋತೇಬಿಟ್ಟಿತ್ತು. ಕ್ಲೆಮ್ಸನ್ ಚೆಂಡನ್ನು ಒದ್ದು ದೂರ ಕಳಿಸಿದ್ದರೆ ಆಟ ಮುಗಿಯುತ್ತಿತ್ತು. ಒದೆಯುವವನ ಕೈಗೆ ಚೆಂಡು ಸರಿಯಾಗಿ ಬರಲಿಲ್ಲ. ಉಳಿದಿದ್ದು 11 ಸೆಕೆಂಡ್ ಅನ್ನುವಾಗ 21ನೇ ನಂಬರಿನ ಉದ್ದನೆ ಹುಡುಗ ಟಚ್‌ಡೌನ್ ಹಿಡಿದ. 28-24, ಟೆಕ್ ಗೆದ್ದಿತು. ಆ ಹುಡುಗನೇ ಕ್ಯಾಲ್ವಿನ್. ಅದು ಅವನ ಕಾಲೇಜು ಜೀವನದ ಎರಡನೇ ಪಂದ್ಯ, ವಯಸ್ಸು 18, ಅವತ್ತಿನ ಮೂರನೇ ಟಚ್‌ಡೌನ್. ಹೋಮ್ ಪಾರ್ಕಿನ ಬೀದಿಯಲ್ಲಿ ಜನ ಹೊರಗೆ ಬಂದು ಕಿರುಚಿದರು. ನಾವೂ ಕಿರುಚಿದೆವು, ಯಾಕೆ ಅಂತ ಆಮೇಲೆ ಗೊತ್ತಾಯಿತು.

ಟೆಕ್‌ನ ಬಾಬಿ ಡಾಡ್ ಸ್ಟೇಡಿಯಂ 1913ರದು. ಊರ ನಡುವೆಯೇ ಇದೆ, ಹಿಂದೆ ಗಗನಚುಂಬಿ ಕಟ್ಟಡಗಳು. ನಿಜ ಹೇಳಬೇಕೆಂದರೆ ಮೊದಲ ಸಲ ನಾನು ಹೋಗಿದ್ದು ಆಟ ನೋಡಲು ಅಲ್ಲ, ಕಾರು ನೋಡಲು. 1930ರ ಫೋರ್ಡ್ ಮಾಡೆಲ್ ಎ ಒಂದಿದೆ, ಹೆಸರು ರ‍್ಯಾಂಬ್ಲಿನ್ ರೆಕ್. ತಂಡ ಮೈದಾನಕ್ಕೆ ಇಳಿಯುವಾಗ ಮುಂದೆ ಅದು ಬರುತ್ತದೆ, ನಮ್ಮೂರ ತೇರಿನ ಗತ್ತಿನಲ್ಲಿ. ಇದೇ ಮೈದಾನದಲ್ಲಿ 1916ರಲ್ಲಿ ಟೆಕ್ ಒಂದು ಪಂದ್ಯವನ್ನು 222-0ಯಿಂದ ಗೆದ್ದಿದೆ. ಮುದ್ರಣ ದೋಷ ಅಲ್ಲ.

ಆಟ ನೋಡುವುದನ್ನು ಕಲಿಸಿದ್ದು ನನ್ನ ಲ್ಯಾಬಿನ ಒಬ್ಬ ಹಿರಿಯ ವಿದ್ಯಾರ್ಥಿ. ಚೆಂಡು ನೋಡಬೇಡ, 21ನ್ನು ನೋಡು ಅಂದ. ನಾನು ಒಂದಿಡೀ ಪಂದ್ಯ ಹಾಗೇ ನೋಡಿದೆ. ಹತ್ತರಲ್ಲಿ ಏಳೆಂಟು ಸಲ ಚೆಂಡು ಅವನ ಕಡೆಗೆ ಬರುವುದೇ ಇಲ್ಲ! ಆದರೂ ಪ್ರತಿ ಸಲ ಅದೇ ವೇಗದಲ್ಲಿ ಓಡುತ್ತಾನೆ. ಇಬ್ಬರು ಎದುರಾಳಿಗಳು ಅವನ ಹಿಂದೆಯೇ ಓಡಬೇಕಾಗುತ್ತದೆ, ಇತ್ತ ಬೇರೆ ಯಾರಿಗೋ ಜಾಗ ಸಿಗುತ್ತದೆ. ಚೆಂಡು ಬಂದಾಗಲೂ ಎಷ್ಟೋ ಸಲ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಬುಡದಲ್ಲಿ. ಅದನ್ನೂ ಹಿಡಿಯುತ್ತಿದ್ದ. ಎದ್ದು ಚೆಂಡನ್ನು ಅಂಪೈರ್ ಕೈಗೆ ಕೊಟ್ಟು ವಾಪಸ್ ಬರುತ್ತಿದ್ದ. ಕುಣಿತ ಗಿಣಿತ ಇಲ್ಲ.

ಇಷ್ಟೇ ಆಗಿದ್ದರೆ ಒಳ್ಳೆಯ ಆಟಗಾರ ಅಂದುಕೊಂಡು ಮರೆಯುತ್ತಿದ್ದೆನೇನೋ. 2006ರ ಬೇಸಿಗೆಯ ಒಂದು ಸುದ್ದಿ ಮನಸ್ಸಿನಲ್ಲಿ ಉಳಿಯಿತು. ಓದಿನ ಭಾಗವಾಗಿ ಅವನ ಮುಂದೆ ಎರಡು ಪ್ರಾಜೆಕ್ಟ್ ಇದ್ದವಂತೆ. ಒಂದು ಐಷಾರಾಮಿ ಅಪಾರ್ಟ್‌ಮೆಂಟ್ ಕಟ್ಟುವ ಕಡೆ. ಇನ್ನೊಂದು ಬೊಲಿವಿಯಾದ ಬಡವರಿಗಾಗಿ ಬಿಸಿಲಿನ ಶಾಖದಲ್ಲಿ ಮಲವನ್ನು ಒಣಗಿಸಿ ಶುದ್ಧ ಮಾಡುವ ಶೌಚಾಲಯ. ಮುಂದಿನ ವರ್ಷ ಕೋಟಿಗಟ್ಟಲೆ ದುಡ್ಡು ಕಾಯುತ್ತಿರುವ ಹುಡುಗ ಶೌಚಾಲಯವನ್ನು ಆರಿಸಿಕೊಂಡ. ನಮ್ಮ ಮನೆಯಲ್ಲಿ ಇದರ ಬಗ್ಗೆ ಒಂದು ವಾರ ತಮಾಷೆ ನಡೆಯಿತು. ನಮ್ಮ ನಾಲ್ವರಲ್ಲಿ ಯಾರೂ ಅದನ್ನು ಆರಿಸುತ್ತಿರಲಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಆ ವರ್ಷ ಅವನು 76 ಕ್ಯಾಚ್ ಹಿಡಿದ, ಅವುಗಳಿಂದ ತಂಡವನ್ನು ಮುಂದಕ್ಕೆ ಒಯ್ದ ದೂರ 1,202 ಗಜ, 15 ಟಚ್‌ಡೌನ್. ದೇಶದ ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಅವನಿಗೇ ಬಂತು. ತಂಡದ ಕಥೆ ಕೇಳಿ. ಮೊದಲ ಪಂದ್ಯ ನೋಟರ್ ಡೇಮ್ ವಿರುದ್ಧ 14-10, ಸೋಲು. ಬದ್ಧ ವೈರಿ ಜಾರ್ಜಿಯಾ ವಿಶ್ವವಿದ್ಯಾಲಯದ ಎದುರು 15-12, ಸೋಲು. ಅವನಿದ್ದ ಮೂರು ವರ್ಷವೂ ಆ ಪಂದ್ಯ ಸೋತೆವು. ಟೆಕ್ ಆಡುತ್ತಿದ್ದ ಕಾಲೇಜು ಲೀಗ್ ಎಸಿಸಿಯ ಫೈನಲ್‌ನಲ್ಲಿ ವೇಕ್ ಫಾರೆಸ್ಟ್ ಎದುರು 9-6. ಕೊನೆಗೆ 2007ರ ಜನವರಿ 1ರಂದು, ಗೇಟರ್ ಬೌಲ್ ಅನ್ನುವ ಋತುವಿನ ಕೊನೆಯ ಪಂದ್ಯದಲ್ಲಿ ಅವನೊಬ್ಬನೇ 186 ಗಜ, ಎರಡು ಟಚ್‌ಡೌನ್. 38-35, ಸೋಲು. ಅಲ್ಲಿಗೆ ಅವನ ಕಾಲೇಜು ಮುಗಿಯಿತು.

ನನ್ನದೂ ಮುಗಿದಿತ್ತು. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿ ಡೆಟ್ರಾಯಿಟ್‌ಗೆ ಬಂದೆ. ಜನವರಿ ತಿಂಗಳು. ಅಟ್ಲಾಂಟಾದಲ್ಲಿ ಕೊಂಡ ಜಾಕೆಟ್ ಆ ಚಳಿಗೆ ಯಾವ ಮೂಲೆಗೂ ಸಾಲಲಿಲ್ಲ. ಯಾರ ಪರಿಚಯವೂ ಇಲ್ಲ. ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್ ಬಂತು, ಅಂದರೆ ವೃತ್ತಿಪರ ಲೀಗಿನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ದಿನ. ಹಿಂದಿನ ವರ್ಷ ಚೆನ್ನಾಗಿ ಸೋತವರಿಗೆ ಮೊದಲು ಆರಿಸುವ ಅವಕಾಶ, ಅದು ಅಲ್ಲಿಯ ಪದ್ಧತಿ. ಎರಡನೇ ಸರದಿ ಡೆಟ್ರಾಯಿಟ್ ಲಯನ್ಸ್‌ನದು. ಆರಿಸಿದ್ದು ಇವನನ್ನು! ಆಫೀಸಿನಲ್ಲಿ ಎಲ್ಲರೂ ತಲೆ ಚಚ್ಚಿಕೊಂಡರು. 2003, 2004, 2005, ಮೂರು ವರ್ಷವೂ ಲಯನ್ಸ್ ಮೊದಲ ಸುತ್ತಿನಲ್ಲಿ ರಿಸೀವರ್‌ನನ್ನೇ ತಂದಿತ್ತು. ಮತ್ತೊಬ್ಬ ಯಾಕೆ ಅಂತ ಗೊಣಗಾಟ. ನಾನು ಮಾತ್ರ ನಮ್ಮೂರಿನವನು ಯಾರೋ ವರ್ಗವಾಗಿ ಬಂದಂತೆ ಹಿಗ್ಗಿದೆ.

ಆರಡಿ ಐದಂಗುಲ, ಸುಮಾರು 108 ಕಿಲೋ ತೂಕ. ಡ್ರಾಫ್ಟ್‌ಗೆ ಮುಂಚಿನ ಪರೀಕ್ಷೆಯಲ್ಲಿ ಬೇರೆ ಯಾರದೋ ಶೂ ಎರವಲು ಪಡೆದು 40 ಗಜವನ್ನು 4.35 ಸೆಕೆಂಡಿನಲ್ಲಿ ಓಡಿದ್ದ. ಅವನ ಕೈಗಳ ಗಾತ್ರ ನೋಡಿ ಜೊತೆ ಆಟಗಾರ ರಾಯ್ ವಿಲಿಯಮ್ಸ್ 'ಮೆಗಾಟ್ರಾನ್' ಅಂತ ಕರೆದ, ಟ್ರಾನ್ಸ್‌ಫಾರ್ಮರ್ಸ್ ಕಥೆಯ ದೈತ್ಯ ರೋಬೋಟ್ ಅದು. ಆ ಹೆಸರೇ ಗಟ್ಟಿಯಾಯಿತು.

2008 ಅಂದರೆ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಲಯನ್ಸ್ 16 ಪಂದ್ಯ ಆಡಿತು, ಹದಿನಾರೂ ಸೋತಿತು. ಎನ್‌ಎಫ್‌ಎಲ್‌ನಲ್ಲಿ ಅಲ್ಲಿಯವರೆಗೆ ಹಾಗಾಗಿರಲಿಲ್ಲ. ಟಿಕೆಟ್ ಖರ್ಚಾಗದೆ ಕೆಲವು ಪಂದ್ಯಗಳು ಊರಿನ ಟಿವಿಯಲ್ಲೂ ಬರಲಿಲ್ಲ. ಎಸೆಯುವವರು ಒಬ್ಬರಾದ ಮೇಲೊಬ್ಬರು ಬದಲಾದರು. ಹಿಡಿಯುವವನು ಇವನೊಬ್ಬನೇ. ಅಂಥ ವರ್ಷದಲ್ಲೂ 1,331 ಗಜ, 12 ಟಚ್‌ಡೌನ್. ಟಚ್‌ಡೌನ್ ಕ್ಯಾಚ್‌ಗಳಲ್ಲಿ ಇಡೀ ಲೀಗಿನ ಮೊದಲ ಸ್ಥಾನ ಹಂಚಿಕೊಂಡ. ಮರುವರ್ಷ ಕ್ರೈಸ್ಲರ್, ಜಿಎಂ ಎರಡೂ ದಿವಾಳಿ ಅರ್ಜಿ ಹಾಕಿದವು. ನಮ್ಮ ಸಣ್ಣ ಕಂಪನಿ ಎಷ್ಟರದು? ಒಂದು ಶುಕ್ರವಾರ ಬೆಳಿಗ್ಗೆ ಹದಿನೈದು ಜನಕ್ಕೆ ರಟ್ಟಿನ ಪೆಟ್ಟಿಗೆ ಕೊಟ್ಟರು, ಒಂದು ನನಗೆ. ವೀಸಾ ಗಡುವು ಎಣಿಸುತ್ತಾ ದಿನಕ್ಕೆ ಇಪ್ಪತ್ತು ಅರ್ಜಿ ಹಾಕುತ್ತಿದ್ದ ಆ ವಾರಗಳಲ್ಲಿ 21ರ ಓಟ ನೆನಪಾಗುತ್ತಿತ್ತು. ಈಗ ಅವನ ಬೆನ್ನ ಮೇಲೆ 81, ಆದರೆ ನನಗೆ 21.

2010ರ ಮೊದಲ ಪಂದ್ಯದ ಬಗ್ಗೆ ಬರೆಯದಿದ್ದರೆ ಡೆಟ್ರಾಯಿಟ್‌ನವರು ಮನೆಗೆ ಸೇರಿಸುವುದಿಲ್ಲ. ಷಿಕಾಗೋದಲ್ಲಿ, ಕೊನೆಯ ನಿಮಿಷದಲ್ಲಿ ಗೆಲುವಿನ ಕ್ಯಾಚ್ ಹಿಡಿದ. ಎರಡೂ ಕಾಲು ನೆಲ ಮುಟ್ಟಿತು, ಕೂತ, ಹೊರಳಿದ, ಏಳುವಾಗ ಚೆಂಡನ್ನು ನೆಲಕ್ಕೆ ಊರಿದ, ಅದು ಕೈ ಬಿಟ್ಟಿತು. ಕ್ಯಾಚ್ ಪೂರ್ತಿ ಆಗಿಲ್ಲ ಅಂದರು. 19-14, ಸೋಲು. ಆ ನಿಯಮಕ್ಕೆ ಜನ ಅವನ ಹೆಸರನ್ನೇ ಇಟ್ಟರು. ಎಂಟು ವರ್ಷ ಆದ ಮೇಲೆ, 2018ರಲ್ಲಿ, ಲೀಗ್ ನಿಯಮ ಬದಲಿಸಿತು. ನನ್ನ ಮಟ್ಟಿಗೆ ಅದು ಕ್ಯಾಚೇ.

2011ರಲ್ಲಿ ನಮ್ಮ ದ್ರಾವಿಡ್ ಇಂಗ್ಲೆಂಡಿನಲ್ಲಿ ಮೂರು ಶತಕ ಹೊಡೆದದ್ದು ನೆನಪಿದೆಯಲ್ವಾ? ಸರಣಿ 4-0ಯಿಂದ ಸೋತೆವು. ಆ ವರ್ಷದ ಚಳಿಗಾಲದ ಪ್ಲೇಆಫ್‌ನಲ್ಲಿ ಇವನು ನ್ಯೂ ಆರ್ಲಿಯನ್ಸ್ ಎದುರು 211 ಗಜ ಗಳಿಸಿದ, ಲಯನ್ಸ್ 45-28ರಿಂದ ಸೋತಿತು. ಡೆಟ್ರಾಯಿಟ್‌ನ ಕನ್ನಡಿಗರಿಗೆ ಅವನು ಯಾರು ಅಂತ ವಿವರಿಸಲು ಆಮೇಲೆ ನನಗೆ ಕಷ್ಟವಾಗಲಿಲ್ಲ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. 2013ರಲ್ಲಿ ಡಲ್ಲಾಸ್ ವಿರುದ್ಧ ಒಂದೇ ಪಂದ್ಯದಲ್ಲಿ 329 ಗಜ, ಆ ದಿನ ಗೆದ್ದೆವು ಕೂಡ. 2016ರಲ್ಲಿ ಮೂವತ್ತನೇ ವಯಸ್ಸಿಗೇ ನಿವೃತ್ತಿ, ಮೈ ಹಣ್ಣಾಗಿತ್ತು. ಒಂಬತ್ತು ವರ್ಷದಲ್ಲಿ 731 ಕ್ಯಾಚ್, 11,619 ಗಜ, ಪ್ಲೇಆಫ್ ಗೆಲುವು ಸೊನ್ನೆ. ಬೋನಸ್ ಹಣದ ವಿಚಾರಕ್ಕೆ ತಂಡದ ಜೊತೆ ಮನಸ್ತಾಪ ಆಗಿ ವರ್ಷಗಟ್ಟಲೆ ನಡೆಯಿತು. 2021ರಲ್ಲಿ, ಅರ್ಹನಾದ ಮೊದಲ ವರ್ಷವೇ, ಹಾಲ್ ಆಫ್ ಫೇಮ್ ಸೇರಿದ.

ನಾನು ಕೊಟ್ಟ ದುಡ್ಡಿಗೆ ಸಾರ್ಥಕ ಅನ್ನಿಸಿದ ರಾತ್ರಿ ಮಾತ್ರ 2012ರ ಡಿಸೆಂಬರ್ 22. ಎದುರಾಳಿ ಅಟ್ಲಾಂಟಾ ಫಾಲ್ಕನ್ಸ್, ಹಾಗಾಗಿ ನನಗೆ ಎರಡೂ ಕಡೆ ಋಣ. ಲಯನ್ಸ್‌ನ ಮೈದಾನ ಫೋರ್ಡ್ ಫೀಲ್ಡ್‌ನಲ್ಲಿ ಮೇಲಿನ ಸಾಲಿನ ಟಿಕೆಟ್. 1995ರಲ್ಲಿ ಜೆರ್ರಿ ರೈಸ್ ಅನ್ನುವ ದಿಗ್ಗಜ ರಿಸೀವರ್ ಬರೆದಿದ್ದ, ಒಂದೇ ಋತುವಿನಲ್ಲಿ 1,848 ಗಜದ ದಾಖಲೆಯನ್ನು ಅವತ್ತು ಮುರಿದ. ಎದ್ದು ಕುಣಿಯಲಿಲ್ಲ. ಪಕ್ಕದ ಗೆರೆಯ ಕಡೆಗೆ ನಡೆದ. ಅಲ್ಲಿ ಅವನ ಅಪ್ಪ ನಿಂತಿದ್ದರು. ಚೆಂಡನ್ನು ಅವರ ಕೈಗೆ ಕೊಟ್ಟ, ವಾಪಸ್ ಆಡಲು ಬಂದ.

ಪಾರ್ಕಿಂಗ್‌ಗೆ ಬಂದು ಕಾರು ಬಿಸಿಯಾಗುವವರೆಗೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಭಾನುವಾರ ಬೆಳಿಗ್ಗೆ. ಅಪ್ಪ ತಿಂಡಿ ಮುಗಿಸಿ ಪೇಪರ್ ಓದುತ್ತಿದ್ದರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಗೆದ್ರಾ?" ಅಂದರು.

"ಇಲ್ಲಪ್ಪ, ಸೋತ್ವಿ."

"ಮತ್ತೆ ಈ ಹೊತ್ತಲ್ಲಿ ಯಾಕೋ ಫೋನ್ ಮಾಡ್ದೆ?"

"ಸುಮ್ನೆ" ಅಂದೆ.