ಆರು ಮೀಟರ್ ಒಳಗೆ ನಿಂತ ಗೂಟಗಳು

ನೀರಾವರಿ ನಕ್ಷೆಗಳಿಗೆ ನಾನು ಬಳಸುವುದು ಆಟೋಕ್ಯಾಡ್ ಎಂಬ ನಕ್ಷೆ ಬರೆಯುವ ತಂತ್ರಾಂಶ. ಸ್ಪ್ರಿಂಕ್ಲರ್, ವಾಲ್ವ್, ಫಿಲ್ಟರ್ ಮುಂತಾದ ಚಿಹ್ನೆಗಳನ್ನು ಅದರಲ್ಲಿ ಬ್ಲಾಕ್‌ಗಳಾಗಿ, ಅಂದರೆ ಮತ್ತೆ ಮತ್ತೆ ಬಳಸಬಹುದಾದ ಸಿದ್ಧ ಚಿತ್ರಗಳಾಗಿ, ಉಳಿಸಿಕೊಳ್ಳುವಾಗ ಬೇಸ್ ಪಾಯಿಂಟ್ ಗುರುತಿಸಬೇಕು. ಚಿಹ್ನೆಯನ್ನು ಕೂರಿಸುವುದು, ತಿರುಗಿಸುವುದು, ಹಿಗ್ಗಿಸುವುದು ಎಲ್ಲವೂ ಆ ಒಂದು ಬಿಂದುವನ್ನು ಹಿಡಿದೇ ನಡೆಯುತ್ತದೆ. ಗುರುತಿಸದೆ ಮುಂದುವರಿದರೆ 0,0,0 ಎಂಬ ಮೂಲಬಿಂದುವೇ ಬೇಸ್ ಪಾಯಿಂಟ್ ಆಗಿ, ಚಿಹ್ನೆ ಕರ್ಸರ್‌ನಿಂದ ಎಲ್ಲೋ ದೂರದಲ್ಲಿ ಬೀಳುತ್ತದೆ. ಆ ತಪ್ಪು ಕೂಡಲೇ ಕಾಣುತ್ತದೆ. ನಾನು ಮಾಡಿದ್ದು ಕಾಣದ ತಪ್ಪು.

ಶೇಂಗಾ ಹೊಲವೊಂದಕ್ಕೆ 12 ಮೀಟರ್ ಅಂತರದಲ್ಲಿ ತುಂತುರು ನೀರಾವರಿಯನ್ನು ವಿನ್ಯಾಸಗೊಳಿಸುತ್ತಿದ್ದೆ. ಬದುವಿನ ಉದ್ದಕ್ಕೂ ಅರ್ಧವೃತ್ತಕ್ಕೆ, ಮೂಲೆಗಳಲ್ಲಿ ಕಾಲುವೃತ್ತಕ್ಕೆ ಚಿಮ್ಮುವ ಸ್ಪ್ರಿಂಕ್ಲರ್‌ಗಳು. ನೀರು ಎಲ್ಲಿಯವರೆಗೆ ತಲುಪುತ್ತದೆಂದು ತಿಳಿಯಲು 12 ಮೀಟರ್ ತ್ರಿಜ್ಯದ ಕಮಾನನ್ನೂ ಚಿಹ್ನೆಯೊಳಗೇ ಬರೆದು, ಬೇಸ್ ಪಾಯಿಂಟನ್ನು ಚಿತ್ರದ ನಟ್ಟನಡುವೆ ಇಟ್ಟುಬಿಟ್ಟೆ. ಅರ್ಧವೃತ್ತದ ಚಿತ್ರದ ನಡುವಿಗೂ ನೀರು ಚಿಮ್ಮುವ ಬಾಯಿಯಾದ ನಾಜಲ್‌ಗೂ 6 ಮೀಟರ್ ಅಂತರ. ಕಾಲುವೃತ್ತದಲ್ಲಿ, ಕರ್ಣದ ದಿಕ್ಕಿನಲ್ಲಿ, ಸುಮಾರು 8.5 ಮೀಟರ್. ನಾಜಲ್ ಬದುವಿಗೆ ತಾಗುವಂತೆ ಪ್ರತಿಯೊಂದನ್ನೂ ಸರಿಸಿ ಕೂರಿಸಿದ್ದರಿಂದ ಮುದ್ರಿತ ನಕ್ಷೆ ಲಕ್ಷಣವಾಗಿಯೇ ಇತ್ತು. ಆದರೆ ನಕ್ಷೆಯಿಂದ ತೆಗೆದ ನಿರ್ದೇಶಾಂಕಗಳ ಪಟ್ಟಿ ಬ್ಲಾಕ್‌ನ ಬೇಸ್ ಪಾಯಿಂಟ್ ಎಲ್ಲಿದೆಯೆಂದು ಹೇಳುತ್ತದೆಯೇ ಹೊರತು ನಾಜಲ್ ಎಲ್ಲಿದೆಯೆಂದಲ್ಲ. ಆ ಪಟ್ಟಿ ಹಿಡಿದು ಗೂಟ ಹೊಡೆದಾಗ, ಬದುವಿನ ಮೇಲಿರಬೇಕಾದವು 6 ಮೀಟರ್ ಒಳಗೆ ಸಾಲಾಗಿ ನಿಂತವು. “ಇಲ್ಲಿಂದ ಒಂದೇ ಕಡೆ ಚಿಮ್ಮಿದರೆ ಬದುವಿನ ಪಕ್ಕದ ಸಾಲುಗಳಿಗೆ ನೀರು ಎಲ್ಲಿಂದ ಬರುತ್ತದೆ ಸರ್?” ಎಂದು ಹೊಲದ ಯಜಮಾನರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ತಿದ್ದುವುದೂ ಸುಲಭವಾಗಿರಲಿಲ್ಲ. ಬ್ಲಾಕ್ ಎಡಿಟರ್‌ನಲ್ಲಿ ಮೂಲಬಿಂದುವೇ ಬೇಸ್ ಪಾಯಿಂಟ್. ನಾಜಲ್ ಅದರ ಮೇಲೆ ಬರುವಂತೆ ಚಿತ್ರವನ್ನು ಸರಿಸಿ ಉಳಿಸಿದೊಡನೆ, ಈಗಾಗಲೇ ಕೂರಿಸಿದ್ದ ಚಿಹ್ನೆಗಳೆಲ್ಲ ತಮ್ಮ ಬೇಸ್ ಪಾಯಿಂಟ್ ಇದ್ದಲ್ಲಿಗೆ ಜಿಗಿದವು. ನಕ್ಷೆ ಕೆಟ್ಟಿತೆಂದು ಒಂದು ಕ್ಷಣ ಗಾಬರಿಯಾಯಿತು. ನಿಜಕ್ಕೂ ಅದು ಆಗಷ್ಟೇ ಪಟ್ಟಿಯ ಜೊತೆ ಹೊಂದಿಕೊಂಡಿತ್ತು. ಬಳಿಕ ಒಂದೊಂದನ್ನೂ ಬದುವಿಗೆ ಸ್ನ್ಯಾಪ್ ಮಾಡಿ, ಅಂದರೆ ಅದರ ಗೆರೆಗೆ ಸರಿಯಾಗಿ ಅಂಟಿಸಿ, ಕೂರಿಸಿದೆ.

ಅಂದಿನಿಂದ ಚಿತ್ರದ ನಡು ಯಾವುದೆಂದು ನೋಡುವುದನ್ನು ಬಿಟ್ಟು, ನೀರು ಅಥವಾ ಕೊಳವೆ ಚಿಹ್ನೆಯನ್ನು ಮುಟ್ಟುವ ಜಾಗ ಯಾವುದೆಂದು ನೋಡುತ್ತೇನೆ. ಏರ್ ವಾಲ್ವ್ ಕೊಳವೆಯ ಮೇಲೆ ನಿಲ್ಲುವುದರಿಂದ ಅದರ ಬುಡ. ಫಿಲ್ಟರ್‌ಗೆ ನೀರು ಒಳಬರುವ ಬಾಯಿ. ಕೊಳವೆಯ ನಡುವೆ ಕೂರುವ ವಾಲ್ವ್‌ಗಳ ವಿಚಾರದಲ್ಲಿ ನಡುಬಿಂದುವೇ ಸಾಕೆನ್ನುವವರಿದ್ದಾರೆ. ನಾನು ನೀರು ಬರುವ ಬದಿಯ ತುದಿಯನ್ನೇ ಆರಿಸುತ್ತೇನೆ, ಏಕೆಂದರೆ ಕೊಳವೆ ಜಾಲದ ನೀರಿನ ಹರಿವು, ಒತ್ತಡಗಳನ್ನು ಲೆಕ್ಕ ಹಾಕುವ ಎಪಾನೆಟ್ ತಂತ್ರಾಂಶದಲ್ಲಿ ಒತ್ತಡ ತಗ್ಗಿಸುವ ವಾಲ್ವ್ ಎರಡು ನೋಡ್‌ಗಳ (ಸಂಧಿಬಿಂದುಗಳ) ನಡುವಿನ ಕೊಂಡಿಯಾಗಿರುವುದರಿಂದ ಮೊದಲ ನೋಡ್ ಹೇಗೂ ಬೇಕಾಗುತ್ತದೆ. ಪ್ರತಿ ಬ್ಲಾಕ್‌ನ ಬೇಸ್ ಪಾಯಿಂಟ್ ಮೇಲೆ ಒಂದು ಪುಟ್ಟ ಅಡ್ಡಗೀಟಿನ ಗುರುತನ್ನೂ ಆಟೋಕ್ಯಾಡ್‌ನ ಡೆಫ್‌ಪಾಯಿಂಟ್ಸ್ ಎಂಬ ಲೇಯರ್‌ನಲ್ಲಿ (ನಕ್ಷೆಯ ಪದರದಲ್ಲಿ) ಹಾಕಿಡುತ್ತೇನೆ. ಪರದೆಯಲ್ಲಿ ಕಾಣುವ ಆ ಗುರುತು ಮುದ್ರಣದಲ್ಲಿ ಬರುವುದಿಲ್ಲ.